ಅನುಮತಿ ಬೇರೆ, ಮಾನ್ಯತೆ ಬೇರೆ

ರಾಷ್ಟ್ರೀಯ ವೈದ್ಯಕೀಯ ಆಯೋಗ ಒಪ್ಪಿದ ಮೇಲೆ ಹೊಸ ವೈದ್ಯಕೀಯ ಕಾಲೇಜಿನ ಬಗ್ಗೆ ಪೋಷಕರು ತಲೆ ಕೆಡಿಸಿಕೊಳ್ಳಬೇಕಿಲ್ಲ, ಏನೇ ಆದರೂ ಸರ್ಕಾರ ಮಕ್ಕಳ ಕೈಬಿಡದು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ.

ಕೈಬಿಡದು, ಸರಿ. 2026ರ ಜನವರಿಯಲ್ಲಿ ಜಮ್ಮು-ಕಾಶ್ಮೀರದ ವೈಷ್ಣೋದೇವಿ ವೈದ್ಯಕೀಯ ಕಾಲೇಜಿನ ಅನುಮತಿ ವಾಪಸಾದಾಗ ವಿದ್ಯಾರ್ಥಿಗಳಿಗೆ ಬೇರೆಡೆ ಹೆಚ್ಚುವರಿ ಸೀಟು ಕೊಡಬೇಕೆಂದು ಆಯೋಗವೇ ಹೇಳಿತು. ಆದರೆ ಮೊದಲ ವರ್ಷದ ನಡುವೆ ಗಂಟುಮೂಟೆ ಕಟ್ಟಿದವರು ಮಕ್ಕಳೇ ತಾನೆ?

ಲೇಖಕರು ಎಡವಿದ್ದು ‘ಒಪ್ಪಿದ’ ಎಂಬ ಪದದಲ್ಲೇ. ಆರಂಭದಲ್ಲಿ ಸಿಗುವುದು ಅನುಮತಿ. ಮಾನ್ಯತೆಯ ಪ್ರಶ್ನೆ ಬರುವುದು ಮೊದಲ ತಂಡ ಅಂತಿಮ ಪರೀಕ್ಷೆಗೆ ಕೂರುವ ಹೊತ್ತಿಗೆ. ಅಷ್ಟರಲ್ಲಿ ನಾಲ್ಕು ವರ್ಷದ ಫೀಸು ಕಟ್ಟಿಯಾಗಿರುತ್ತದೆ.

ಇನ್ನು, ಲೇಖಕರ ಪ್ರಕಾರ ಆಯೋಗದ ತಪಾಸಣೆಯೇ ಭರವಸೆಯಂತೆ! ರಾಯಪುರದ ಕಾಲೇಜೊಂದರ ಪರವಾಗಿ ವರದಿ ಬರೆಯಲು 55 ಲಕ್ಷ ರೂಪಾಯಿ ಲಂಚ ಪಡೆದ ಆರೋಪದಲ್ಲಿ 2025ರ ಜುಲೈನಲ್ಲಿ ಆಯೋಗದ ತಪಾಸಣಾ ತಂಡದ ವೈದ್ಯರನ್ನೇ ಸಿಬಿಐ ಬಂಧಿಸಿತು. ಆ ಲಂಚದ ಹಣ ಕೈಬದಲಾದದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ಆರೋಪ.

100 ಎಂಬಿಬಿಎಸ್ ಸೀಟಿಗೆ ಕಾಲೇಜಿನ ಆಸ್ಪತ್ರೆಯಲ್ಲಿ 420 ಹಾಸಿಗೆ ಇರಬೇಕೆಂಬುದು ಆಯೋಗದ 2023ರ ನಿಯಮ. ಆದರೆ ಹಾಸಿಗೆ ಇದ್ದರಾಯಿತೇ, ರೋಗಿಗಳೂ ಬೇಕಲ್ಲ? ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಚೇರಿಗೆ ಅಲೆಯುವ ಯಲಹಂಕ, ಹೆಬ್ಬಾಳದ ಪೋಷಕರು ಹೊಸ ಕಾಲೇಜಿಗೆ ಆಪ್ಷನ್ ಹಾಕುವ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಅದರ ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ನಿಲ್ಲಲಿ. ಸಾಲಿನಲ್ಲಿ ಹತ್ತೇ ಜನರಿದ್ದರೆ ಮಗಳು ಯಾರ ನಾಡಿ ಹಿಡಿದು ಕಲಿಯುತ್ತಾಳೆ?