ಬುದ್ಧಿಯ ಗುಳಿಗೆ

ಪರೀಕ್ಷೆ ಸಮೀಪಿಸಿತೆಂದರೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಒಂದೆಲಗದ ತಂಬುಳಿಗೆ ಮರ್ಯಾದೆ ಹೆಚ್ಚುತ್ತದೆ. ಈಗ ಅದರ ಪಕ್ಕದಲ್ಲಿ ಮೊಡಾಫಿನಿಲ್ ಎಂಬ ಗುಳಿಗೆಯ ಮಾತೂ ಕೇಳಿಬರುತ್ತಿದೆ. "ನುಂಗಿದರೆ ರಾತ್ರಿಯೆಲ್ಲ ಓದಬಹುದಂತೆ, ಸಾರ್" ಎಂದ ನನ್ನ ವಿದ್ಯಾರ್ಥಿಯೊಬ್ಬ. ಓದಬಹುದು, ನಿಜ, ಓದಿದ್ದು ಉಳಿಯುವುದೆ?

ಆ ಮದ್ದು ಹುಟ್ಟಿದ್ದು ಫ್ರಾನ್ಸಿನಲ್ಲಿ. ಹಗಲಿನಲ್ಲೇ ತಡೆಯಲಾರದ ನಿದ್ದೆಗೆ ವಶರಾಗುವ ರೋಗಿಗಳಿಗೆಂದು ಅಮೆರಿಕ ಅದನ್ನು ಒಪ್ಪಿದ್ದು 1998ರಲ್ಲಿ. ಅದು ನಿದ್ದೆಯನ್ನು ದೂರವಿಡುತ್ತದೆ. ಕಲಿತದ್ದು ನೆನಪಾಗಿ ನೆಲೆಗೊಳ್ಳುವುದಾದರೋ ಬಹುಮಟ್ಟಿಗೆ ನಿದ್ದೆಯಲ್ಲಿಯೇ! ತಲೆನೋವು, ಕಳವಳಗಳು ಹಾಗಿರಲಿ. ಅಪರೂಪಕ್ಕೆ ಮೈಯ ಚರ್ಮ ಬೊಬ್ಬೆಯೆದ್ದು ಸುಲಿದು ಪ್ರಾಣಕ್ಕೇ ಎರವಾಗುವುದುಂಟು. ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ಹಾಗಾದರೆ ಸೊಪ್ಪೇ ಮೇಲೆನ್ನೋಣವೆ? ಇಲ್ಲಿ ಹೆಸರಿನದೇ ತೊಡಕು. ನಮ್ಮಲ್ಲಿ ಅನೇಕರು ಬ್ರಾಹ್ಮಿಯೆನ್ನುವ ಒಂದೆಲಗ, ಚರಕಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲೊಂದಾದ ಮಂಡೂಕಪರ್ಣಿ. ಕೇರಳದವರ ಬ್ರಾಹ್ಮಿಯೇ ಬೇರೆ, ಅದು ನೀರುಬ್ರಾಹ್ಮಿ. ನೆನಪಿನ ಸಲುವಾಗಿ ವಿಜ್ಞಾನಿಗಳು ಹೆಚ್ಚಾಗಿ ಪರೀಕ್ಷಿಸಿದ್ದು ಈ ಎರಡನೆಯದನ್ನು. ಕಂಡ ಅಲ್ಪ ಪ್ರಯೋಜನವೂ ಸುಮಾರು 12 ವಾರ ಸೇವಿಸಿದ ಮೇಲಿನದು. ಕೆಲವರಿಗೆ ಹೊಟ್ಟೆ ತೊಳಸಿದ್ದೂ ಉಂಟು. ಒಂದರ ಕೀರ್ತಿಯನ್ನು ಇನ್ನೊಂದರ ಸೀಸೆಗೆ ಅಂಟಿಸಿ ಮಾರಿದರೆ ಕೊಳ್ಳುವವನಿಗೆ ತಿಳಿಯುವುದೆಂತು?

ಇನ್ನೊಂದು ಮಾತು. ಪಂಪನ ಕಾಲವನ್ನೂ ರನ್ನನ ಕೃತಿಗಳನ್ನೂ ಒಪ್ಪಿಸೆಂದು ಕೇಳುವ ಪ್ರಶ್ನೆಪತ್ರಿಕೆ ನೆನಪಿಗೆ ಅಂಕ ಕೊಡುತ್ತದೆ, ಕಾವ್ಯವನ್ನು ಓದಿದವನಿಗಲ್ಲ. ಅಂಥ ಪತ್ರಿಕೆ ಕೈಗೆ ಬರುವವರೆಗೆ ಹುಡುಗರು ಔಷಧದ ಅಂಗಡಿಯ ಕಡೆ ನೋಡುತ್ತಲೇ ಇರುತ್ತಾರೆ.