ಹಿಮನದಿಯ ವರ್ಷ, ಅನುದಾನದ ವರ್ಷ

ಹಿಮಾಚಲ ಪ್ರದೇಶದ ಲಾಹೌಲ್ ಸೀಮೆಯಲ್ಲಿ, ಚಂದ್ರಾ ನದಿಯ ಕಣಿವೆಯಲ್ಲಿ, ಛೋಟಾ ಶಿಗ್ರಿ ಎಂಬ ಹಿಮನದಿಯಿದೆ. ಉದ್ದ ಸುಮಾರು 9 ಕಿಲೋಮೀಟರ್. ಇದಕ್ಕಿಂತ ದೊಡ್ಡ ಹಿಮನದಿಗಳು ಹಿಮಾಲಯದಲ್ಲಿ ಬೇಕಾದಷ್ಟಿವೆ. ಆದರೂ ನಮ್ಮ ಪರ್ವತಗಳ ಮಂಜು ಎಷ್ಟು ಕರಗಿದೆ ಎಂಬ ಚರ್ಚೆ ಬಂದಾಗಲೆಲ್ಲ ವಿಜ್ಞಾನಿಗಳು ಇದರ ಹೆಸರು ಎತ್ತುತ್ತಾರೆ. 2002ರಿಂದ ವರ್ಷವರ್ಷವೂ ಇದರ ಅಳತೆ ನಡೆದುಬಂದಿರುವುದೇ ಅದಕ್ಕೆ ಕಾರಣ. ಇಂಥ ಅಳತೆಗೆ ಹಣ ಎಲ್ಲಿಂದ ಬರುತ್ತದೆ, ಅದನ್ನು ಕೇಳುವ ಬಗೆ ಹೇಗೆ ಎಂಬುದು ಸಾಮಾನ್ಯ ಓದುಗರ ಗಮನಕ್ಕೆ ಬರುವುದು ಕಡಿಮೆ.

ಮೊದಲು ಅಳತೆಯ ವಿಷಯ. ಚಳಿಗಾಲದ ಹಿಮಪಾತ ಹಿಮನದಿಗೆ ಜಮಾ, ಬೇಸಿಗೆಯ ಕರಗುವಿಕೆ ಖರ್ಚು. ಎರಡರ ವ್ಯತ್ಯಾಸಕ್ಕೆ ವಿಜ್ಞಾನಿಗಳು ದ್ರವ್ಯರಾಶಿ ಸಮತೋಲನ ಎನ್ನುತ್ತಾರೆ. ಹಿಮನದಿಯ ಕೆಳಭಾಗದಲ್ಲಿ ಬಿಸಿ ಹಬೆಯ ಯಂತ್ರದಿಂದ ಆಳವಾದ ತೂತು ಕೊರೆದು ಬಿದಿರಿನ ಗಳುಗಳನ್ನು ಇಳಿಸುತ್ತಾರೆ. ಮರುವರ್ಷ ಬಂದಾಗ ಗಳು ಎಷ್ಟು ಹೊರಗೆ ಕಾಣುತ್ತದೆಯೋ ಅಷ್ಟು ಮಂಜುಗಡ್ಡೆ ಕರಗಿದೆ ಎಂದರ್ಥ. ಮೇಲ್ಭಾಗದಲ್ಲಿ ಕರಗದೆ ಉಳಿದ ಹಿಮದಲ್ಲಿ ಗುಂಡಿ ತೋಡಿ ಅದರ ದಪ್ಪ ಮತ್ತು ಸಾಂದ್ರತೆಯನ್ನು ನೋಡುತ್ತಾರೆ. ಬೇಸಿಗೆಯ ಕರಗುವಿಕೆ ನಿಂತು ಹೊಸ ಹಿಮ ಬೀಳುವ ಮುಂಚೆ, ಅಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಲ್ಲೇ, ಈ ಕೆಲಸ ಮುಗಿಯಬೇಕು. ಕರಗಿ ಕರಗಿ ಗಳು ಬುಡದವರೆಗೂ ಹೊರಬಂದರೆ ಹೊಸದನ್ನು ನೆಡಬೇಕು. ಒಂದು ಶರತ್ಕಾಲ ತಪ್ಪಿದರೆ ಆ ವರ್ಷದ ಲೆಕ್ಕವನ್ನು ಆಮೇಲೆ ಹೋಗಿ ಅದೇ ರೀತಿ ಬರೆದುಕೊಳ್ಳಲು ಆಗುವುದಿಲ್ಲ.

ಇನ್ನು ಹಣ. ಸಂಶೋಧಕರು ಒಂದು ಪ್ರಸ್ತಾವನೆ ಬರೆಯುತ್ತಾರೆ. ಕೇಳಿರುವ ಪ್ರಶ್ನೆ ಯಾವುದು, ಅದರಲ್ಲಿ ಹೊಸತೇನು, ಉತ್ತರ ಹುಡುಕುವ ವಿಧಾನ ಯಾವುದು, ಯಾವ ಬಾಬ್ತಿಗೆ ಎಷ್ಟು ಹಣ ಬೇಕು ಎಂಬುದನ್ನು ಅದರಲ್ಲಿ ವಿವರಿಸಬೇಕು. ಉಪಕರಣ, ಸಂಶೋಧನಾ ಸಹಾಯಕರ ವೇತನ, ಪ್ರಯಾಣ, ಬಿಡಿ ಖರ್ಚು, ಸಂಸ್ಥೆಯ ಮೇಲ್ವೆಚ್ಚ ಎಲ್ಲಕ್ಕೂ ಬೇರೆ ಬೇರೆ ಶೀರ್ಷಿಕೆ. ಅದೇ ಕ್ಷೇತ್ರದ ಇತರ ತಜ್ಞರು ಓದಿ ಅಭಿಪ್ರಾಯ ಕೊಡುತ್ತಾರೆ, ಸಮಿತಿ ತೀರ್ಮಾನಿಸುತ್ತದೆ. ನಮ್ಮಲ್ಲಿ ಹಿಮಾಲಯದ ಅಧ್ಯಯನಕ್ಕೆಂದೇ ಪರಿಸರ ಸಚಿವಾಲಯದ ರಾಷ್ಟ್ರೀಯ ಹಿಮಾಲಯ ಅಧ್ಯಯನ ಮಿಷನ್ ಇದೆ. ಅಲ್ಮೋರಾ ಬಳಿಯ ಗೋವಿಂದ ವಲ್ಲಭ ಪಂತ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಎಲ್ಲ ವಿಜ್ಞಾನ ವಿಷಯಗಳಿಗೂ ಅನುದಾನ ಕೊಡುವ ಹೊಣೆ ಈಗ 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ್ದು.

ಅನುದಾನದ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಹಣ ಕಂತುಗಳಲ್ಲಿ ಬರುತ್ತದೆ. ಹಿಂದಿನ ಕಂತು ಹೇಗೆ ಖರ್ಚಾಯಿತು ಎಂಬ ಹಣಬಳಕೆ ಪ್ರಮಾಣಪತ್ರ ಸಲ್ಲಿಸಿದ ಮೇಲೆ ಮುಂದಿನದು. ಇದರಲ್ಲಿ ತಪ್ಪೇನೂ ಇಲ್ಲ. ಅದು ಜನರ ತೆರಿಗೆ ಹಣ, ಲೆಕ್ಕ ಕೇಳಲೇಬೇಕು. ಪ್ರಯೋಗಾಲಯದ ಎಷ್ಟೋ ಕೆಲಸಗಳಿಗೆ ಈ ಏರ್ಪಾಡು ಸರಿಯಾಗಿಯೇ ಹೊಂದುತ್ತದೆ.

ಪರ್ವತದಲ್ಲಿ ಅದು ಹೊಂದದಿರುವುದು ಎರಡು ಕಡೆ. ಒಂದು, ಕಾಲ. ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಿಮನದಿಯ ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. ಮೇಲೆ ಕೆಲಸ ಮಾಡಲು ಸಿಗುವುದೇ ಜೂನ್‌ನಿಂದ ಅಕ್ಟೋಬರ್ ಮೊದಲವರೆಗಿನ ಕೆಲವು ತಿಂಗಳು. ಕಂತು ನವೆಂಬರ್‌ನಲ್ಲಿ ಬಂದರೆ ಹಣವಿದ್ದೂ ದಾರಿಯಿಲ್ಲ. ದಾರಿ ತೆರೆಯುವ ಹೊತ್ತಿಗೆ ಆರ್ಥಿಕ ವರ್ಷ ಮುಗಿದು ಮತ್ತೆ ಲೆಕ್ಕಪತ್ರದ ಸುತ್ತು. ಮೂರು ವರ್ಷದ ಯೋಜನೆಯಲ್ಲಿ ಹೀಗೆ ಒಂದು ಋತು ಕೈತಪ್ಪಿದರೆ ಮೂರನೇ ಒಂದು ಭಾಗವೇ ಹೋದಂತೆ. ಹೊರೆ ಹೊರುವವರ ಕೂಲಿ, ಕುದುರೆ ಬಾಡಿಗೆ, ಹವಾಮಾನ ಕೆಟ್ಟು ಶಿಬಿರದಲ್ಲೇ ಕಾಯುವ ದಿನಗಳ ಊಟ, ಇವಕ್ಕೆಲ್ಲ ಮೂರು ಕಡೆಯ ದರಪಟ್ಟಿ ತರಿಸುವುದೂ ಅಲ್ಲಿ ಸುಲಭವಲ್ಲ.

ಎರಡನೆಯದು ಇನ್ನೂ ಆಳದ್ದು. ಒಂದು ಪ್ರದೇಶದ ಹವಾಗುಣವನ್ನು ಹೇಳಲು ವಿಶ್ವ ಹವಾಮಾನ ಸಂಸ್ಥೆ 30 ವರ್ಷಗಳ ಸರಾಸರಿಯನ್ನು ಮಾನದಂಡವಾಗಿಟ್ಟುಕೊಂಡಿದೆ. ಮೂರು ವರ್ಷದ ಅಳತೆ ಹೇಳುವುದು ಆ ಮೂರು ಚಳಿಗಾಲ ಹೇಗಿತ್ತು ಎಂಬುದನ್ನು ಮಾತ್ರ. ಆದರೆ ಮರಳಿ ಅರ್ಜಿ ಹಾಕುವಾಗ ‘ಹೊಸತೇನು’ ಎಂಬ ಪ್ರಶ್ನೆ ಎದುರಾಗುತ್ತದೆ. ಹಳೆಯ ಗಳುಗಳನ್ನೇ ಇನ್ನೊಮ್ಮೆ ಅಳೆಯುತ್ತೇವೆ ಎಂಬ ಉತ್ತರಕ್ಕೆ ಹೆಚ್ಚು ಅಂಕ ಸಿಗುವುದು ಕಷ್ಟ, ಅದೇ ನಿಜವಾಗಿ ಬೇಕಾದ ಕೆಲಸವಾಗಿದ್ದರೂ.

ಛೋಟಾ ಶಿಗ್ರಿಯ ಚರಿತ್ರೆಯಲ್ಲೇ ಇದರ ಪರಿಣಾಮ ಕಾಣುತ್ತದೆ. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ದೊಡ್ಡ ಅಧ್ಯಯನವೊಂದು ನಡೆದಿತ್ತು. ಅದು ಮುಗಿದ ಮೇಲೆ ವಾರ್ಷಿಕ ಅಳತೆಯೂ ನಿಂತಿತು. ಮತ್ತೆ ಶುರುವಾದದ್ದು 2002ರಲ್ಲಿ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಕೈಜೋಡಿಸಿದಾಗ. ನಡುವಿನ ಕಾಲದಲ್ಲಿ ಏನಾಯಿತೆಂದು ತಿಳಿಯಲು 1988ರ ಮೇಲ್ಮೈ ಅಳತೆಯನ್ನು 2010ರದರೊಂದಿಗೆ ಹೋಲಿಸಿ ಲೆಕ್ಕ ಹಾಕಬೇಕಾಯಿತು. 1990ರ ದಶಕದಲ್ಲಿ ಹಿಮನದಿ ಹೆಚ್ಚುಕಡಿಮೆ ಸಮಸ್ಥಿತಿಯಲ್ಲಿತ್ತು, ನಷ್ಟ ಜೋರಾದದ್ದು ಆಮೇಲೆ ಎಂದು ಅದರಿಂದ ಗೊತ್ತಾಯಿತು. ಇಷ್ಟು ಮುಖ್ಯವಾದ ತಿರುವು ವರ್ಷವರ್ಷದ ದಾಖಲೆಯಲ್ಲಿ ಸಿಗಬೇಕಿತ್ತು.

ಬೇರೆ ದಾರಿಗಳಿವೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1980ರಲ್ಲಿ ದೀರ್ಘಕಾಲಿಕ ಪರಿಸರ ಅಧ್ಯಯನದ ಜಾಲವೊಂದನ್ನು ಆರಂಭಿಸಿತು. ಕೊಲೊರಾಡೋದ ಎತ್ತರದ ಪರ್ವತಪ್ರದೇಶವಾದ ನಿವಾಟ್ ರಿಜ್ ಅಂದಿನಿಂದಲೂ ಅದರಲ್ಲಿದೆ. ಅಲ್ಲಿ ಅನುದಾನ ಆರು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಪ್ರತಿ ಸಲವೂ ಪರಿಶೀಲನೆ ಇದೆ, ಮುಂದುವರಿಕೆಯೂ ಇದೆ. ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನೀಲಗಿರಿ ತಪ್ಪಲಿನ ಮುದುಮಲೈಯಲ್ಲಿ 50 ಹೆಕ್ಟೇರ್ ಕಾಡಿನ ಮರಗಳ ಲೆಕ್ಕವನ್ನು 1980ರ ದಶಕದ ಕೊನೆಯಿಂದ ಇಡುತ್ತ ಬಂದಿದ್ದಾರೆ. ತಾಳ್ಮೆ ನಮ್ಮವರಿಗೆ ಹೊಸದಲ್ಲ.

ಹೊಸ ಪ್ರಶ್ನೆಗಳಿಗೆ ಮೂರು ವರ್ಷದ ಅನುದಾನ ಇರಲಿ. ಅದರ ಜೊತೆಗೆ, ಆಗಲೇ ನಡೆಯುತ್ತಿರುವ ಪರ್ವತದ ಅಳತೆಗಳಿಗೆ ಹತ್ತು ವರ್ಷದ ಭರವಸೆಯಿರುವ ಪುಟ್ಟ ನಿಧಿಯೊಂದನ್ನು ಪ್ರತ್ಯೇಕವಾಗಿ ಇಡಬೇಕು, ಐದನೇ ವರ್ಷದಲ್ಲಿ ಅದರ ಗುಣಮಟ್ಟವನ್ನು ಪರೀಕ್ಷಿಸಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಬೇಕಾಗುವುದು ಹಬೆ ಯಂತ್ರದ ದುರಸ್ತಿ, ಬಿದಿರು, ಕೆಲವರ ಸಂಬಳ ಮತ್ತು ಕೂಲಿ. ಅದರ ಕಂತು ಮೇ ತಿಂಗಳಲ್ಲೇ ಕೈಸೇರುವಂತೆಯೂ, ಮಾರ್ಚ್‌ನಲ್ಲಿ ಉಳಿದ ಹಣ ಮುಂದಿನ ಅಕ್ಟೋಬರ್‌ವರೆಗೆ ಬಳಸಲು ಸಿಗುವಂತೆಯೂ ನಿಯಮ ಇರಬೇಕು.