ತಣ್ಣೀರಿನ ಕಿಣ್ವ, ತವರಿನ ಪಾಲು

ಬಿಸಿ ಆರದ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು; ಹೆಪ್ಪಿನ ಸೂಕ್ಷ್ಮಜೀವಿಗಳೂ ಅವುಗಳ ಕಿಣ್ವಗಳೂ ಶಾಖಕ್ಕೆ ಕೆಡುತ್ತವೆ. ಅಡುಗೆಮನೆಯಲ್ಲಿ ತೊಡಕೆನಿಸುವ ಈ ಗುಣವೇ ವಂಶವಾಹಿ ಪ್ರಯೋಗಾಲಯಕ್ಕೆ ವರವಾಗಿದೆ.

ಡಿಎನ್‌ಎ ತುಂಡುಗಳನ್ನು ಬೆಸೆಯುವಾಗ ತುದಿಗಳು ತಮ್ಮಲ್ಲೇ ಕೂಡಿಕೊಳ್ಳದಂತೆ ಅಲ್ಲಿನ ಫಾಸ್ಫೇಟನ್ನು ಕಳಚುವ ಕಿಣ್ವ ಫಾಸ್ಫಟೇಸ್. ಕೆಲಸ ಮುಗಿದೊಡನೆ ಅದು ನಿಷ್ಕ್ರಿಯವಾಗಬೇಕು. ಕರುವಿನ ಕರುಳಿನಿಂದ ತೆಗೆದದ್ದು ಬಿಸಿಗೆ ಸುಲಭವಾಗಿ ಜಗ್ಗದು. ಅದನ್ನು ತೊಲಗಿಸಲು ಫೀನಾಲ್‌ನಂಥ ವಿಷದ್ರಾವಣ ಬಳಸುತ್ತಿದ್ದರು. ಉತ್ತರದ ತಣ್ಣನೆಯ ಕಡಲಿನ ಸಿಗಡಿಯ ಕಿಣ್ವವಾದರೋ 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಐದೇ ನಿಮಿಷಕ್ಕೆ ಸುಮ್ಮನಾಗುತ್ತದೆ. ಚಳಿಯಲ್ಲೂ ಚುರುಕಾಗಿರಲೆಂದು ಅದರ ರಚನೆ ಸಡಿಲ; ಆ ಸಡಿಲವೇ ಬಿಸಿಯಲ್ಲಿ ಅದಕ್ಕೆ ಮುಳುವು. ಮೊದಮೊದಲು ನಾರ್ವೆಯಲ್ಲಿ ಸಿಗಡಿ ಸಂಸ್ಕರಣೆಯ ತ್ಯಾಜ್ಯ ನೀರಿನಿಂದ ಇದನ್ನು ಪಡೆದರು. ಈಗ ಸಿಗಡಿಯ ವಂಶವಾಹಿಯನ್ನು ಯೀಸ್ಟ್‌ಗೆ ಸೇರಿಸಿ ಹುದುಗುಪಾತ್ರೆಯಲ್ಲೇ ತಯಾರಿಸುತ್ತಾರೆ.

ಕುಲಾಂತರಿ ಎಂದೊಡನೆ ಕೆರಳುವವರಲ್ಲಿ ನಾನೂ ಒಬ್ಬ. 2010ರಲ್ಲಿ ಬಿಟಿ ಬದನೆಗೆ ತಡೆ ಬಿದ್ದಾಗ ನೆಮ್ಮದಿಪಟ್ಟವನು. ಆದರೂ ಬಯಲಿಗೆ ಬಿಡುವ ಬೆಳೆಯನ್ನೂ ಮುಚ್ಚಿದ ಪಾತ್ರೆಯ ಯೀಸ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ತ್ಯಾಜ್ಯವನ್ನು ಕೊಂದು ಹೊರಬಿಡುವುದಾದರೆ ಈ ವಿಧಾನದಿಂದ ವಿಷದ್ರಾವಣ ಕಡಿಮೆಯಾದದ್ದು ಒಳಿತೇ. ನನ್ನ ತಕರಾರು ಬೇರೆ.

ವಂಶವಾಹಿ ಪಾತ್ರೆ ಸೇರಿದ ಮೇಲೆ ಸಿಗಡಿಯೂ ಬೇಡ, ಕಡಲೂ ಬೇಡ. ನಾಳೆ ನಮ್ಮ ಶೋಲಾ ಕಾಡಿನ ತೊರೆಯಲ್ಲಿ ಇಂಥದೊಂದು ಜೀವಿ ದೊರೆತರೆ ಒಂದು ಚಮಚ ಕೆಸರು ಸಾಕು. ಅದರ ಡಿಎನ್‌ಎ ಅನುಕ್ರಮ ಗಣಕದಲ್ಲಿದ್ದರೆ ಕೆಸರೂ ಬೇಕಿಲ್ಲ. ಕಾಡನ್ನು ಕಾಯ್ದವರ ಪಾಲೇನು? 2002ರ ಜೀವವೈವಿಧ್ಯ ಕಾಯಿದೆ ಲಾಭ ಹಂಚಿಕೆಯನ್ನು ಒಪ್ಪಿದೆ. 2025ರ ನಿಯಮಾವಳಿ ಗಣಕದಲ್ಲಿನ ಅನುಕ್ರಮವನ್ನೂ ಅದರ ವ್ಯಾಪ್ತಿಗೆ ತಂದಿದೆ. ಅದೇ ವರ್ಷ ಆರಂಭವಾದ ಅಂತಾರಾಷ್ಟ್ರೀಯ ಕ್ಯಾಲಿ ನಿಧಿಯ ಅರ್ಧದಷ್ಟಾದರೂ ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ ಸಲ್ಲಬೇಕೆಂಬ ಆಶಯವಿದೆ. ಆದರೆ ಕಂಪನಿಗಳು ಕೊಡುವುದು ಅವುಗಳ ಇಚ್ಛೆಗೆ ಬಿಟ್ಟದ್ದು. ದಾನಕ್ಕೂ ಹಕ್ಕಿಗೂ ಇರುವ ಅಂತರ ಗೇಣಿದಾರರಾಗಿದ್ದ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಕಂಡ ಪಂಚಾಯಿತಿ ಜೀವವೈವಿಧ್ಯ ದಾಖಲಾತಿಗಳಲ್ಲಿ ಮರ, ಬಳ್ಳಿ, ಹಕ್ಕಿಗಳಿವೆ. ಒರತೆ, ಜೌಗುಗಳ ಹೆಸರೇ ಇಲ್ಲ. ಕಾಲೇಜಿನ ಮಕ್ಕಳು ಈ ಬೇಸಿಗೆಯಲ್ಲಿ ಅವನ್ನು ಬರೆದುಕೊಡಲಿ. ಸೀಸೆ ಹಿಡಿದು ತೊರೆಗಿಳಿದವರು ಯಾರು, ಯಾವ ಸಂಸ್ಥೆಯವರು, ಏನನ್ನು ಒಯ್ದರು ಎಂಬುದನ್ನು ನಿರ್ವಹಣಾ ಸಮಿತಿ ಅಂದೇ ದಾಖಲಿಸಲಿ.